ದಾಕ್ಷಿಣ್ಯವೂ ವಿಚಾರಣೆಯೂ

ಒಬ್ಬ ಕುಶಲಕರ್ಮಿಯನ್ನು ಕೆಲಸಕ್ಕೆ ಕರೆದು, ಅವನ ಯೋಗ್ಯತೆಯೆಷ್ಟು, ಅವನು ನಂಬಿಕೆಗೆ ಅರ್ಹನೇ ಎಂದು ವಿಚಾರಿಸುವುದು ಅವನಿಗೆ ಮಾಡಿದ ಅವಮಾನವೇ? ಹಾಗೆಂದು ಭಾವಿಸುವ ಸಜ್ಜನರು ನಮ್ಮಲ್ಲಿ ಅನೇಕರಿದ್ದಾರೆ. ವಿಶ್ವಾಸವಿಲ್ಲದೆ ಲೋಕವ್ಯವಹಾರವು ನಡೆಯಲಾರದೆಂದೂ, ಎಲ್ಲರನ್ನೂ ಸಂದೇಹದಿಂದ ನೋಡುವವನಿಗೆ ನೆಮ್ಮದಿಯಿಲ್ಲವೆಂದೂ ಅವರ ವಾದ. ನಾನೂ ಬಹುಕಾಲ ಈ ಪಕ್ಷದವನೇ ಆಗಿದ್ದೆನು. ಅದನ್ನು ಬಿಡಲು ಕಾರಣವಾದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಮನೆಗೆ ಹೊಸದಾಗಿ ವಿದ್ಯುತ್ ತಂತಿಗಳನ್ನು ಎಳೆಯಿಸಬೇಕಾಯಿತು. ಮಿತ್ರರೊಬ್ಬರು ಒಬ್ಬ ಕೆಲಸಗಾರನನ್ನು ಕಳುಹಿಸಿಕೊಟ್ಟರು. ಆತನು ವಿನಯಶೀಲನು. ಪರವಾನಗಿಯಿದೆಯೇ ಎಂಬ ಪ್ರಶ್ನೆಯು ನನ್ನ ನಾಲಿಗೆಯ ತುದಿಗೆ ಬಂದು ಹಿಂದಿರುಗಿತು. ಮಿತ್ರರು ಏನೆಂದುಕೊಂಡಾರೋ ಎಂಬ ದಾಕ್ಷಿಣ್ಯ. ಆದರೆ ಕೂಲಿಯನ್ನು ಇಳಿಸುವುದಕ್ಕಾಗಿ ಅದೇ ನಾಲಿಗೆಯು ಅರ್ಧ ಗಂಟೆ ಚೌಕಾಸಿ ಮಾಡಿತು. ಆಗ ಯಾವ ದಾಕ್ಷಿಣ್ಯವೂ ಅಡ್ಡಬರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ, ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಒದ್ದೆಗೈಯಿಂದ ರುಬ್ಬುವ ಯಂತ್ರವನ್ನು ಮುಟ್ಟಿದವಳೇ ಚೀರಿ ನೆಲಕ್ಕೆ ಬಿದ್ದಳು. ಪುಣ್ಯಕ್ಕೆ ಪ್ರಾಣವುಳಿಯಿತು. ಬಲ್ಲವರನ್ನು ಕರೆಸಿ ನೋಡಿಸಲಾಗಿ, ಗೋಡೆಯ ಪ್ಲಗ್ಗಿಗೆ ಮೂರು ರಂಧ್ರಗಳಿದ್ದುವೇ ಹೊರತು, ಮೂರನೆಯದಕ್ಕೆ ಸೇರಬೇಕಾಗಿದ್ದ ಅರ್ತಿಂಗ್ ತಂತಿಯನ್ನು ಹಾಕಿಯೇ ಇರಲಿಲ್ಲ. ಯಂತ್ರದ ಲೋಹದ ಮೈಗೆ ಸೋರಿದ ವಿದ್ಯುತ್ತು ಭೂಮಿಗಿಳಿಯಲು ಬೇರೆ ದಾರಿಗಾಣದೆ ಆಕೆಯ ದೇಹವನ್ನೇ ದಾರಿಮಾಡಿಕೊಂಡಿತ್ತು.

ದಾಕ್ಷಿಣ್ಯವು ನನ್ನದು; ಅದರ ಬೆಲೆಯನ್ನು ತೆತ್ತವಳು ಅವಳು. ತನ್ನ ಹಣವನ್ನು ಪಣವಾಗಿಟ್ಟು ನಂಬುವವನನ್ನು ಉದಾರಿಯೆನ್ನಬಹುದು. ಪರರ ಪ್ರಾಣವನ್ನು ಪಣವಾಗಿಟ್ಟು ನಂಬುವವನಿಗೆ ಆ ಹೆಸರು ಸಲ್ಲದು.

ಎಲ್ಲ ಕೆಲಸಗಳಿಗೂ ಒಂದೇ ಪ್ರಮಾಣದ ವಿಚಾರಣೆ ಬೇಕೆಂದು ನಾನು ಹೇಳುವುದಿಲ್ಲ. ಬಡಗಿಯು ಮಾಡಿದ ಬಾಗಿಲು ಸೊಟ್ಟಗಿದ್ದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ತಂತಿಯ ಕೆಲಸವಾದರೋ ಗಾರೆಯೊಳಗೆ ಅಡಗಿಹೋಗುತ್ತದೆ. ದೀಪವು ಹೊತ್ತಿಕೊಂಡರೆ ಎಲ್ಲವೂ ಸರಿಯೆಂದುಕೊಳ್ಳುತ್ತೇವೆ. ಕೆಲಸವು ಕಣ್ಣಿಗೆ ಮರೆಯಾದಷ್ಟೂ ವಿಚಾರಣೆಯು ಹೆಚ್ಚಬೇಕು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದು ಅಪೂರ್ವವಾಗಿದ್ದ ಆ ಶಕ್ತಿಯು ಇಂದು 230 ವೋಲ್ಟಿನ ಒತ್ತಡದಲ್ಲಿ ನಮ್ಮ ಅಡುಗೆಮನೆಗಳಲ್ಲಿದೆ. ಆದಕಾರಣವೇ, ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಾಯಿಸುವಂಥ ಸಣ್ಣ ಕೆಲಸಗಳ ಹೊರತು ಉಳಿದುದನ್ನು ಪರವಾನಗಿ ಪಡೆದ ಗುತ್ತಿಗೆದಾರನೇ, ಅರ್ಹತಾಪತ್ರವುಳ್ಳವನ ಮೇಲ್ವಿಚಾರಣೆಯಲ್ಲಿ ಮಾಡಿಸತಕ್ಕದ್ದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ವಿಧಿಸಿದ್ದುವು. ಆ ನಿಯಮಗಳು ಹೋಗಿ ಹೊಸವು ಬಂದಿದ್ದರೂ ತತ್ವವು ಬದಲಾಗಿಲ್ಲ. ಪರವಾನಗಿಯಲ್ಲಿರುವ ಹೆಸರು, ಸಂಖ್ಯೆ, ಅವಧಿ ಇವುಗಳನ್ನು ನೋಡಲು ಐದು ನಿಮಿಷ ಸಾಕು.

ಪತ್ರವು ಗುಣಕ್ಕೆ ಸಾಕ್ಷಿಯೇ ಎಂದು ಕೇಳಬಹುದು. ಅಲ್ಲ. ಅದು ಕಲಿತ ವಿದ್ಯೆಗೆ ಮಾತ್ರ ಸಾಕ್ಷಿ. ಪ್ರಾಮಾಣಿಕತೆಯನ್ನು ಅರಿಯಬೇಕಾದರೆ ಅವನು ಹಿಂದೆ ಕೆಲಸಮಾಡಿದ ಮನೆಗಳವರನ್ನು ಕೇಳಬೇಕು. ಗಾರೆ ಮುಚ್ಚುವ ಮುನ್ನ ಕೆಲಸವನ್ನು ಬಲ್ಲವರಿಗೆ ತೋರಿಸಬೇಕು. ಇದರಿಂದ ಯೋಗ್ಯನಿಗೆ ಅವಮಾನವಾಗದು. ವರ್ಷಗಟ್ಟಲೆ ಶ್ರಮಪಟ್ಟು ವಿದ್ಯೆಯನ್ನು ಸಂಪಾದಿಸಿದವನನ್ನೂ ಏನೂ ಕಲಿಯದವನನ್ನೂ ವಿಚಾರಿಸದೆ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ಅವನಿಗೆ ನಿಜವಾದ ಅವಮಾನ.

ಆ ಕೆಲಸಗಾರನನ್ನು ಮತ್ತೆ ಕಂಡು ಆಕ್ಷೇಪಿಸಿದಾಗ ಆತನು ತಲೆತಗ್ಗಿಸಿ, "ತಾವು ಒಪ್ಪಿದ ದುಡ್ಡಿನಲ್ಲಿ ಅರ್ತಿಂಗಿಗೆ ಉಳಿಯಲಿಲ್ಲ, ಸ್ವಾಮಿ" ಎಂದನು. ಹೇಳದೆ ಬಿಟ್ಟುದು ಅವನ ಅಪರಾಧ. ಅದನ್ನು ನಾನು ಮನ್ನಿಸಲಾರೆ. ಆದರೆ ನನ್ನ ಅರ್ಧ ಗಂಟೆಯ ಚೌಕಾಸಿಯೂ ಆ ಗೋಡೆಯೊಳಗೆ ಸೇರಿತ್ತೆಂಬುದನ್ನು ಅಲ್ಲಗಳೆಯಲಾರೆ. ಕೆಲಸಗಾರನ ಪ್ರಾಮಾಣಿಕತೆಯನ್ನು ವಿಚಾರಿಸುವವನು, ಪ್ರಾಮಾಣಿಕವಾಗಿ ಕೆಲಸಮಾಡಲು ಸಾಲುವಷ್ಟು ಕೂಲಿಯನ್ನು ತಾನು ಕೊಡುತ್ತಿರುವೆನೇ ಎಂದೂ ವಿಚಾರಿಸಿಕೊಳ್ಳಬೇಕು. ಈಗ ನಾನು ಕೆಲಸಗಾರರು ಬಂದರೆ ಪರವಾನಗಿಯನ್ನು ಕೇಳುತ್ತೇನೆ. ಕೂಲಿಯ ವಿಷಯದಲ್ಲಿ ಹೆಚ್ಚು ಮಾತನಾಡುವುದಿಲ್ಲ.