ತುಪ್ಪ ಸವರಿದ ಹಿಮ

ಕಳೆದ ಫೆಬ್ರವರಿಯಲ್ಲಿ, ಇಲ್ಲಿ ಮಿಶಿಗನ್ನಿನಲ್ಲೇ, ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಎಡಗಣ್ಣಿನ ಸರದಿ ಎರಡು ವಾರದ ಮೇಲೆ. ನನಗೆ ಹಬ್ಬವಾದದ್ದು ಆ ನಡುವಿನ ಎರಡು ವಾರ.

ಕಿಟಕಿಯ ಮುಂದೆ ಕೂತು ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುವುದೇ ಕೆಲಸ. ಬಲಗಣ್ಣಿಗೆ ಹಿಮ ಅಚ್ಚ ಬಿಳಿ, ಅದರ ಮೇಲೆ ಬಿದ್ದ ಮರದ ನೆರಳು ನೀಲಿ. ಎಡಗಣ್ಣಿಗೆ ಅದೇ ಅಂಗಳಕ್ಕೆ ಯಾರೋ ತುಪ್ಪ ಸವರಿದ ಹಾಗೆ, ನೆರಳು ಬರೀ ಮಸಿ. ಮೂವತ್ತು ಚಳಿಗಾಲ ಸಲಿಕೆ ಹಿಡಿದು ಎತ್ತಿಹಾಕಿದವನು ನಾನು. ಅದರಲ್ಲಿ ಎಷ್ಟು ವರ್ಷ ತುಪ್ಪವನ್ನೇ ಎತ್ತಿದೆನೋ!

ಪೊರೆ ಎಂದರೆ ಮಬ್ಬು ಎಂದಷ್ಟೇ ತಿಳಿದಿದ್ದೆ. ಅದು ಬಣ್ಣವನ್ನೂ ಕದಿಯುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ನೀಲಿ-ನೇರಳೆಗಳನ್ನೇ ಮೊದಲು ತಡೆಯುತ್ತದೆ. ಎಷ್ಟು ನಿಧಾನವಾಗಿ ಎಂದರೆ, ಕಳುವಾದದ್ದೇ ಗೊತ್ತಾಗುವುದಿಲ್ಲ. ಚಿತ್ರಕಾರ ಮೊನೆ 1923ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಪೊರೆ ತೆಗೆಸಿಕೊಂಡ ಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತದೆಂದು ಗೊಣಗಿದನಂತೆ. ನಾನು ಗೊಣಗಲಿಲ್ಲ, ಸೋತೆ. ನನ್ನ ಹೆಂಡತಿಯ ಒಂದು ಇಳಕಲ್ ಸೀರೆ ಬೂದಿ ಬಣ್ಣದ್ದೆಂದು ಎಷ್ಟೋ ವರ್ಷ ವಾದಿಸಿದ್ದೆ. ಅದು ತಿಳಿ ನೇರಳೆ. "ಈಗರೆ ಕಂಡಿತೇನ್ರಿ?" ಎಂದಳು, ಬೀರು ಮುಚ್ಚುತ್ತಾ.

ಅಜ್ಜಿ ನೆನಪಾದಳು. ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಅವಳ ಪೊರೆ ತೆಗೆದಿದ್ದರು. ನನ್ನ ಕಣ್ಣೊಳಗೀಗ ಇರುವಂಥ ಪುಟ್ಟ ಮಸೂರವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕೂಡಿಸಿ ತೋರಿಸಿದ್ದರು. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಪೈಲಟ್ಟರ ಕಣ್ಣಲ್ಲಿ ಹೊಕ್ಕರೂ ಕೆರಳಿಸದೆ ಕೂತದ್ದೇ ಅವರಿಗೆ ಸಿಕ್ಕ ಸುಳಿವು. ಆದರೆ ಆ ಮಸೂರ ನಮ್ಮೂರ ಶಾಲೆಯ ಶಿಬಿರದವರೆಗೆ ಇನ್ನೂ ಬಂದಿರಲಿಲ್ಲ. ಅಜ್ಜಿಗೆ ದಕ್ಕಿದ್ದು ಸೋಡಾಬುಡ್ಡಿ ಕನ್ನಡಕ. ಆ ದಪ್ಪ ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಚಹಾದ ಲೋಟಕ್ಕೆ ಕೈ ಚಾಚಿ ಗಾಳಿ ಹಿಡಿಯುತ್ತಿದ್ದಳು. ಮೊಮ್ಮಕ್ಕಳು ನಗುತ್ತಿದ್ದೆವು. ಅವಳಿಗೆ ಅದರ ಪರಿವೆಯೇ ಇರಲಿಲ್ಲ; ಜಂತಿಯ ಮೂಲೆಯ ಜೇಡರ ಬಲೆ ಕಂಡುಬಿಟ್ಟಿತ್ತು! "ಈ ಮೂಲೀ ಕಸಾ ಹೊಡದು ಎಷ್ಟ ದಿನಾ ಆತು?" ಎಂದು ಸೊಸೆಯಂದಿರನ್ನು ತರಾಟೆಗೆ ತೆಗೆದುಕೊಂಡಳು.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವನು ನಾನೇ. ಒಲೆಯ ಹಿಂದಿನ ಟೈಲ್ಸಿನ ಅರಿಶಿನದ ಜಿಡ್ಡು ಕಂಡಾಗ ತರಾಟೆಗೆ ತೆಗೆದುಕೊಳ್ಳಲು ಯಾರೂ ಸಿಗಲಿಲ್ಲ.

ಎಡಗಣ್ಣಿನ ಆಪರೇಷನ್ನಿನ ಹಿಂದಿನ ರಾತ್ರಿ, ಬಲಗಣ್ಣು ಮುಚ್ಚಿಕೊಂಡು ಮನೆಯೆಲ್ಲ ಒಂದು ಸುತ್ತು ಬಂದೆ. ಸೋಫಾ, ಗಡಿಯಾರ, ಅವ್ವನ ಫೋಟೋ, ಎಲ್ಲದರ ಮೇಲೂ ನಮ್ಮೂರ ಪಡಸಾಲೆಯ ಲಾಟೀನಿನ ಬೆಳಕು.

"ಏನ್ ಹುಡುಕಾಕತ್ತೀರಿ?" ಕೋಣೆಯಿಂದ ಕೂಗಿದಳು.

"ಏನಿಲ್ಲ, ದೀಪ ಆರಸಾಕತ್ತೀನಿ" ಎಂದೆ.