ಬಿಚ್ಚದ ಬೋಲ್ಟು, ಕರ್ತೃವಿನ ಪಾಲು

ಕೆಲಸ ಕೈಗೂಡುವುದರಲ್ಲಿ ಮಾಡುವವನ ಪಾಲು ಎಷ್ಟು? ಗೀತೆಯ 18ನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನ (ನೆಲೆ), ಕರ್ತೃ (ಮಾಡುವವನು), ಕರಣ (ಸಾಧನ), ಚೇಷ್ಟೆ (ಪ್ರಯತ್ನ), ದೈವ. ಕಾರಿನ ಪ್ರೊಪೆಲ್ಲರ್ ಶಾಫ್ಟಿನ ಫ್ಲೇಂಜಿನಲ್ಲಿ ತುಕ್ಕು ಹಿಡಿದು ಕೂತ ಬೋಲ್ಟು ಇದಕ್ಕೆ ಒಳ್ಳೆಯ ಸಾಕ್ಷಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಥ್ರೆಡ್ಡಿನ ಸಂದುಗಳನ್ನು ಬಿಗಿದುಬಿಡುತ್ತದೆ. ತೋಳ್ಬಲವನ್ನೇ ನಂಬಿ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದರೆ ತಲೆಯ ಮೂಲೆಗಳು ಸವೆಯುತ್ತವೆ, ಇಲ್ಲವೇ ಬೋಲ್ಟೇ ತುಂಡಾಗುತ್ತದೆ. ತುಕ್ಕುಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಇಳಿಯಗೊಟ್ಟು, ಆರು ಮೂಲೆಯ ಸಾಕೆಟ್ಟಿನಿಂದ ತುಸು ಬಿಗಿದು ತುಸು ಸಡಿಲಿಸುತ್ತ ಹೋದರೆ ಎಷ್ಟೋ ಸಲ ಅದೇ ತೋಳಿಗೆ ಅದು ಒಲಿಯುತ್ತದೆ. ಕರ್ತೃ ಬದಲಾಗಿಲ್ಲ, ಉಳಿದ ಕಾರಣಗಳು ಕೂಡಿಬಂದಿವೆ.

ಕರ್ತೃ ಐದರಲ್ಲೊಂದು ಕಾರಣವಷ್ಟೇ ಎಂಬ ಮಾತು ಸೋಮಾರಿಗೆ ನೆಪವಾಗದೇ ಎಂದು ಕೇಳಬಹುದು. ಆದರೆ ಐದರಲ್ಲಿ ಚೇಷ್ಟೆಯೂ ಇದೆ. ಎಣ್ಣೆ ತಾನಾಗಿ ಬಂದು ಬೀಳುವುದಿಲ್ಲ, ಹಾಕಿ ಕಾಯುವುದೂ ಪ್ರಯತ್ನವೇ. ತುಕ್ಕು ರಸಾಯನವಷ್ಟೇ, ಅಲ್ಲಿ ದೈವವೆಲ್ಲಿ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ರಸಾಯನ ತಿಳಿದವನಿಗೂ ಎಣ್ಣೆ ಒಳಗೆ ಎಷ್ಟು ಇಳಿಯಿತೆಂಬುದು ಹೊರಗಿನಿಂದ ಕಾಣದು. ಕೈಗೆ ಸಿಗದ ಆ ಭಾಗವೇ ಐದನೆಯ ಕಾರಣವೆಂದು ನನಗೆ ತೋರುತ್ತದೆ. ಬೋಲ್ಟು ಮುರಿದವನನ್ನು ಕೆಲಸ ಬಾರದವನೆಂದು ಜರೆಯುವಾಗ ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದೂ ಅದನ್ನೇ.