ಧ್ವಜದ ಕಡತ

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಇಪ್ಪತ್ತು ವರ್ಷ ಕಳೆದಿರುವ ನಮಗೆ ಕಡತಗಳ ವಿಷಯದಲ್ಲಿ ದೊಡ್ಡ ಭ್ರಮೆಗಳೇನೂ ಉಳಿದಿಲ್ಲ. ಕುರ್ಚಿ, ಫ್ಯಾನು, ಪರದೆ ಬಟ್ಟೆ, ನೀರಿನ ಫಿಲ್ಟರು ಮುಂತಾದವಕ್ಕೆ ದರ ತರಿಸಬೇಕು, ತುಲನಾತ್ಮಕ ಪಟ್ಟಿ ಮಾಡಬೇಕು, ಎಲ್ಲರಿಗಿಂತ ಕಡಮೆ ಹೇಳಿದವನ ಹೆಸರಿನ ಕೆಳಗೆ ಗೆರೆ ಎಳೆದು ಮೇಲಕ್ಕೆ ಕಳಿಸಬೇಕು. ಸಂಜೆ ಮನೆಗೆ ಬಂದ ಮೇಲೆ ಅವು ನೆನಪಿಗೂ ಬರುವುದಿಲ್ಲ. ಆದರೆ ಒಂದು ಕಡತ ಮಾತ್ರ ಕೆಲವು ವರ್ಷಗಳಿಂದ ನಮ್ಮ ಬೆನ್ನು ಬಿಟ್ಟಿಲ್ಲ. ಅದು ಕಚೇರಿಗೆ ರಾಷ್ಟ್ರಧ್ವಜ ಕೊಂಡ ಕಡತ.

2022ರ ಆಗಸ್ಟ್ ತಿಂಗಳನ್ನು ದೆಹಲಿಯ ಕನ್ನಡ ಬಂಧುಗಳು ಮರೆತಿರಲಾರರು. ಸ್ವಾತಂತ್ರ್ಯದ 75 ವರ್ಷ ತುಂಬಿದ ಸಂದರ್ಭ. ಮನೆಮನೆಯ ಮೇಲೂ ತ್ರಿವರ್ಣ ಹಾರಬೇಕೆಂದು ಕರೆ ಬಂದಿತ್ತು. ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೆ ಒಂದು ಧ್ವಜ ಸಿಗುತ್ತಿತ್ತು. ದೇಶದ ಒಂದೂವರೆ ಲಕ್ಷ ಅಂಚೆ ಕಚೇರಿಗಳಿಂದ ಹತ್ತೇ ದಿನಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಧ್ವಜಗಳು ಮಾರಾಟವಾದುವೆಂದು ಅಂಚೆ ಇಲಾಖೆ ತಿಳಿಸಿತು. ರಾಮಕೃಷ್ಣಪುರದ ನಮ್ಮ ಕ್ವಾರ್ಟರ್ಸುಗಳ ಬಣ್ಣ ಮಾಸಿದ ಬಾಲ್ಕನಿಗಳು ಆ ವಾರ ಮದುವೆ ಮನೆಯಂತೆ ಕಂಡುವು. ನಮ್ಮ ಮನೆಗೆಲಸಕ್ಕೆ ಬರುವ ಬಿಹಾರದ ಹೆಂಗಸು ತನ್ನ ತಗಡಿನ ಮಾಡಿಗೂ ಒಂದನ್ನು ಕಟ್ಟಿ, ಅದರ ಫೋಟೋ ತಂದು ನಮ್ಮ ಮಗಳಿಗೆ ತೋರಿಸಿದಳು. ಅವಳ ಮುಖದಲ್ಲಿದ್ದ ಗೆಲುವನ್ನು ನಾವು ಕಂಡಿದ್ದೇವೆ. ಆದುದರಿಂದ ಮುಂದೆ ಬರೆಯುವುದನ್ನು ಆ ಗೆಲುವಿನ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು.

ಒಂದು ಕಾಲಕ್ಕೆ ಈ ಧ್ವಜವನ್ನು ಹಾರಿಸುವುದೇ ಅಪರಾಧವಾಗಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಜನ ಪೊಲೀಸರ ಗುಂಡಿಗೆ ಬಲಿಯಾದರು. ಸ್ವಾತಂತ್ರ್ಯ ಬಂದ ಮೇಲೂ ಸಾಮಾನ್ಯ ಪ್ರಜೆ ತನ್ನ ಮನೆಯ ಮೇಲೆ ವರ್ಷದ ಎಲ್ಲ ದಿನಗಳಲ್ಲೂ ಧ್ವಜ ಹಾರಿಸುವಂತಿರಲಿಲ್ಲ. ಆ ಬಾಗಿಲು ತೆರೆದುದು 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜ ಸಂಹಿತೆಯಿಂದ. ಅದು ಪ್ರಜೆಯ ಹಕ್ಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಧ್ವಜವು ಕಚೇರಿಯ ಕಂಬದಿಂದ ತಗಡಿನ ಮಾಡಿಗೆ ಇಳಿದು ಬಂದುದು ದೊಡ್ಡ ಮಾತೇ ಸರಿ.

ಆದರೆ ಅದು ಇಳಿದು ಬಂದ ದಾರಿಯಲ್ಲಿ ಬಟ್ಟೆ ಬದಲಾಯಿತು. ಅಲ್ಲಿಯ ತನಕ ಧ್ವಜವೆಂದರೆ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಯಂತ್ರದಿಂದ ತಯಾರಾದದ್ದೂ ಆಗಬಹುದು, ಪಾಲಿಯೆಸ್ಟರೂ ಆಗಬಹುದು ಎಂದಾಯಿತು. ಸಂಹಿತೆಯಲ್ಲಿ ಸೇರಿದ್ದು ಕೆಲವೇ ಪದಗಳು. ಅವುಗಳ ಪೆಟ್ಟು ಹೋಗಿ ಬಿದ್ದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿ.

ಬೆಂಗೇರಿಯಲ್ಲಿರುವುದು 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಭಾರತೀಯ ಮಾನಕ ಸಂಸ್ಥೆಯ ಪರವಾನಗಿ ಪಡೆದು ದೇಶದ ಮೂಲೆಮೂಲೆಗೂ ಧ್ವಜ ಹೊಲಿದು ಕಳಿಸುವ ಕೇಂದ್ರ ಅದು. ನಮ್ಮ ಅತ್ತೆಯವರ ಊರು ಹುಬ್ಬಳ್ಳಿ. 2023ರ ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಹೋದಾಗ ನೋಡಿ ಬಂದೆವು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಹಗ್ಗಕ್ಕೆ ಗೂಟ ಕಟ್ಟುವುದು, ಹೀಗೆ ಆರು ಹಂತ. ಹೊಲಿಗೆಯಲ್ಲಿ ಕುಳಿತವರು ಹೆಚ್ಚಾಗಿ ಹೆಣ್ಣುಮಕ್ಕಳೇ.

ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿಯುತ್ತಿದ್ದ ನಮಗೆ ಅಲ್ಲಿಯ ಶಿಸ್ತು ಕಂಡು ಆ ದಿನಗಳು ನೆನಪಾದುವು. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ಖಾದಿಯ ರಾಷ್ಟ್ರಧ್ವಜದ್ದು ಎಂಬುದು ಎಷ್ಟು ಜನಕ್ಕೆ ಗೊತ್ತೋ ಕಾಣೆವು. ಉದ್ದ ಅಗಲಗಳ ಪ್ರಮಾಣ 3ಕ್ಕೆ 2. ಅಳತೆಗಳು ಒಂಬತ್ತು. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಎಲ್ಲಕ್ಕಿಂತ ಚಿಕ್ಕದು 150ಕ್ಕೆ 100, ಅದು ಮೇಜಿನ ಮೇಲೆ ಇಡುವಂಥದು. ಮಂತ್ರಿಗಳ ಕಾರಿಗೆ ಒಂದು ಅಳತೆ, ವಿಮಾನಕ್ಕೆ ಇನ್ನೊಂದು. ಎಳೆಗಳ ಸಂಖ್ಯೆ, ಬಟ್ಟೆಯ ತೂಕ, ಬಣ್ಣದ ಛಾಯೆ, ಚಕ್ರದ 24 ಅರೆಗಳು ಎರಡೂ ಕಡೆ ಒಂದರ ಬೆನ್ನಿಗೊಂದು ಸರಿಯಾಗಿ ಕೂಡಬೇಕಾದುದು, ಎಲ್ಲಕ್ಕೂ ಕಟ್ಟಳೆಯುಂಟು.

ಹೊಲಿಯುತ್ತಿದ್ದ ಒಬ್ಬ ಹಿರಿಯಾಕೆಯನ್ನು, ಇಷ್ಟೊಂದು ಅಳತೆ ಯಾಕೆ ತಾಯಿ ಎಂದು ಕೇಳಿದೆವು. "ಅಣ್ಣಾರ, ಅಳತಿ ತಪ್ಪಿದ್ರ ಇದು ಧ್ವಜ ಅಲ್ರಿ, ಬರೇ ಅರಿವಿ" ಎಂದರು. ಪಕ್ಕದಾಕೆ ತಲೆ ಎತ್ತದೆ, "ಈಗ ಅರಿವೀನs ಧ್ವಜ ಆಗೇತಿ ಬಿಡ್ರಿ" ಎಂದು ನಕ್ಕರು. ತಿದ್ದುಪಡಿಯಾದ ಮೇಲೆ ಬೇಡಿಕೆ ಇಳಿದಿತ್ತು. ಅದನ್ನು ಹಿಂದಕ್ಕೆ ಪಡೆಯಬೇಕೆಂದು ಸಂಘವು ಕೇಳಿಕೊಂಡಿತ್ತು, ಪ್ರತಿಭಟನೆಯನ್ನೂ ಮಾಡಿತ್ತು. ನಾವು ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿ ಮಾಡುವವರೆಂದು ಅತ್ತೆಯವರು ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟಾಗ ನಮಗೆ ತಲೆ ತಗ್ಗಿಸುವಂತಾಯಿತು. ಯಾಕೆಂದರೆ ಹಿಂದಿನ ವರ್ಷ ಕಚೇರಿಗೆ ಪಾಲಿಯೆಸ್ಟರ್ ಧ್ವಜ ಕೊಳ್ಳಬಹುದೆಂದು ಟಿಪ್ಪಣಿ ಬರೆದವರು ನಾವೇ. ಮೂರು ದರ ಬಂದಿದ್ದುವು. ಖಾದಿಯದು ಮೂರನೆಯ ಸ್ಥಾನದಲ್ಲಿತ್ತು. ಗೆರೆ ಎಳೆದೆವು, ಮೇಲಕ್ಕೆ ಹೋಯಿತು, ಸಹಿಯಾಗಿ ಬಂತು.

ನಿಯಮದಲ್ಲಿ ಇನ್ನೊಂದು ಸ್ವಾರಸ್ಯವಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಖಾದಿ ಬಟ್ಟೆಯನ್ನು ಖಾದಿ ಗ್ರಾಮೋದ್ಯೋಗ ಆಯೋಗದಿಂದಲೇ ಕೊಳ್ಳಬೇಕೆಂಬ ಮೀಸಲಾತಿ ಉಂಟು. ಧ್ವಜವೆಂದರೆ ಖಾದಿಯೇ ಎಂದಿದ್ದಷ್ಟು ದಿನ ಈ ಬೇಲಿ ತಾನಾಗಿ ಕಾಪಾಡುತ್ತಿತ್ತು. ಖಾದಿಯಲ್ಲದ್ದೂ ಧ್ವಜವೇ ಎಂದಾದ ಕೂಡಲೇ ಬೇಲಿಯ ಒಳಗೆ ಬರುವ ಕಾರಣವೇ ಕೊಳ್ಳುವವನಿಗೆ ಉಳಿಯಲಿಲ್ಲ. ಬೇಲಿಯನ್ನು ಯಾರೂ ಮುರಿಯಲಿಲ್ಲ, ಹೊಲದ ಪಕ್ಕದಲ್ಲಿ ಹೊಸ ದಾರಿ ಬಿತ್ತು, ಅಷ್ಟೆ.

ಊರಿಂದ ಬಂದ ಮೇಲೆ ಈ ವಿಷಯ ಮನೆಯಲ್ಲಿ ಚರ್ಚೆಗೆ ಬಂತು. ನಮ್ಮ ಮಗಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಅವಳ ವಾದ ನೇರವಾಗಿತ್ತು. "ಅಪ್ಪಾ, ಇಪ್ಪತ್ತು ಕೋಟಿ ಮನೆಗೆ ಬೆಂಗೇರಿಯವರು ಹೊಲಿದು ಕೊಡೋದಕ್ಕಾಗುತ್ತಾ? ದೀದಿ ಕೈಲಿ ಖಾದಿ ಧ್ವಜ ಕೊಳ್ಳೋಕಾಗುತ್ತಾ? ಊರೂರಲ್ಲಿ ಸ್ವಸಹಾಯ ಗುಂಪಿನ ಹೆಂಗಸರು ಈ ಧ್ವಜ ಹೊಲಿದು ನಾಲ್ಕು ಕಾಸು ಕಂಡ್ರಲ್ಲ, ಅವರದೂ ದುಡಿಮೆ ಅಲ್ವಾ?" ನಮ್ಮ ಮನೆಯವರೂ ಅವಳ ಕಡೆಯೇ. ನಾವು ಒಪ್ಪಬೇಕಾಯಿತು. ಒಂದು ಕೋಟಿ ಧ್ವಜ ಎಂದರೆ 25 ಕೋಟಿ ರೂಪಾಯಿಯ ವಹಿವಾಟು. ಅದರಲ್ಲಿ ಬಡವರ ಪಾಲೂ ಇದ್ದಿತು.

ಖಾದಿಯ ಪರವಾಗಿ ಭಾಷಣ ಮಾಡುವವರು ಮರೆಯುವ ಮಾತನ್ನೂ ಹೇಳಿಬಿಡಬೇಕು. ಸಾವಿರ ಮೀಟರ್ ನೂಲಿನ ಒಂದು ಲಡಿಗೆ ನೂಲುವವಳಿಗೆ 2023ರ ಮಾರ್ಚ್ ತನಕ ಸಿಗುತ್ತಿದ್ದ ಕೂಲಿ ಏಳೂವರೆ ರೂಪಾಯಿ. ಆ ಏಪ್ರಿಲ್‌ನಲ್ಲಿ 10 ಆಯಿತು, 2025ರ ಏಪ್ರಿಲ್‌ನಿಂದ 15. ಏರಿದ್ದು ನಿಜ. ಆದರೆ ಒಂದು ದಿನದಲ್ಲಿ ಎಷ್ಟು ಲಡಿ ತೆಗೆದರೆ ಒಂದು ಸಂಸಾರ ನಡೆದೀತು ಎಂದು ಲೆಕ್ಕ ಹಾಕಿದರೆ, ನೂಲುವವಳ ಮಗಳು ರಾಟೆಯ ಮುಂದೆ ಯಾಕೆ ಕೂರುವುದಿಲ್ಲ ಎಂಬ ಪ್ರಶ್ನೆ ಏಳುವುದಿಲ್ಲ. ಖಾದಿಗೆ ನಾವು ಹಾರ ಹಾಕಿದೆವು, ಕೂಲಿ ಹಾಕಲಿಲ್ಲ. ಪಾಲಿಯೆಸ್ಟರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ತಪ್ಪು ನಡೆದಿತ್ತು.

ಹಾಗಿದ್ದರೆ ಕಾಲಕ್ಕೆ ತಕ್ಕಂತೆ ಕಸುಬು ಬದಲಾಗಲಿ, ಬದಲಾಗದ್ದು ಹೋಗಲಿ ಎನ್ನೋಣವೇ? ಇಲ್ಲಿ ನಮಗೆ ಚನ್ನಪಟ್ಟಣ ನೆನಪಾಗುತ್ತದೆ. ಹಾಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಗ್ಗದ ಚೀನೀ ಆಟಿಕೆಗಳು ಬಂದಾಗ ಆ ಕಸುಬು ಮುಗಿಯಿತೆಂದೇ ಎಲ್ಲರೂ ಎಣಿಸಿದ್ದರು. 2005-06ರ ಸಾಲಿನಲ್ಲಿ ಭೌಗೋಳಿಕ ಗುರುತು ದೊರೆಯಿತು. ಹೊಸ ವಿನ್ಯಾಸಗಾರರು ಬಂದರು. ಬೊಂಬೆಯ ಜೊತೆಗೆ ಬಳೆ, ದೀಪದ ಕಂಬ, ಮಕ್ಕಳ ಗಣಿತದ ಮಣಿಗಳು ಬಂದುವು. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ನಮ್ಮ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಚನ್ನಪಟ್ಟಣದ ಆಟಿಕೆ ಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು. (2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಮೆಯಾದ ಸಂಗತಿ ಬೇರೆಯೇ ಒಂದು ಲೇಖನವಾದೀತು.) ಅಂತೂ ಚನ್ನಪಟ್ಟಣದವನು ಪೇಟೆಯ ಮುಖ ನೋಡಿ ತನ್ನ ಆಕಾರ ಬದಲಿಸಿಕೊಳ್ಳಬಲ್ಲ. ಕರಕುಶಲ ವಸ್ತು ಬಳಕೆಯಲ್ಲಿ ಬದುಕಬೇಕು, ಗಾಜಿನ ಪೆಟ್ಟಿಗೆಯಲ್ಲಲ್ಲ ಎಂಬ ನಂಬಿಕೆಯಿಂದ, ಮಂಗಳೂರಿನಲ್ಲಿ ಹುಟ್ಟಿ ದೆಹಲಿಯಲ್ಲಿ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದ್ದು.

ಬೆಂಗೇರಿಯಾಕೆಗೆ ಈ ದಾರಿಯಿಲ್ಲ. ಅವಳು ಧ್ವಜವನ್ನು ಒಂದು ಬೆರಳಿನಷ್ಟು ಅಗಲ ಮಾಡುವಂತಿಲ್ಲ, ಅಂಚಿಗೊಂದು ಕಸೂತಿ ಹಾಕುವಂತಿಲ್ಲ. ಈ ವರ್ಷ ಕೇಸರಿ ಸ್ವಲ್ಪ ತಿಳಿಯಾಗಿರಲಿ, ಗಿರಾಕಿಗೆ ಹಿಡಿಸೀತು ಎನ್ನುವಂತೆಯೂ ಇಲ್ಲ. ಆಕಾರ, ಬಣ್ಣ, ಎಳೆ ಎಲ್ಲವನ್ನೂ ಸರ್ಕಾರವೇ ಗೊತ್ತುಮಾಡಿ ಅವಳ ಕೈ ಕಟ್ಟಿದೆ. ಕೈ ಕಟ್ಟಿದ್ದು ತಪ್ಪಲ್ಲ, ಧ್ವಜಕ್ಕೆ ಆ ಕಟ್ಟು ಬೇಕು. ಆದರೆ ಕೈ ಕಟ್ಟಿದ ಮೇಲೆ, ಹೋಗು, ಪೇಟೆಯಲ್ಲಿ ಓಡುವವರ ಜೊತೆ ಓಡು ಎಂದರೆ ಅದು ನ್ಯಾಯವೇ? ನಮ್ಮನ್ನು ಕಾಡುತ್ತಿರುವುದು ಇದೊಂದೇ. ಬದಲಾಗುವ ಸ್ವಾತಂತ್ರ್ಯವನ್ನು ಯಾರಿಂದ ಕಿತ್ತುಕೊಂಡಿದ್ದೇವೋ ಅವರ ಅನ್ನದ ಹೊಣೆಯನ್ನು ಕಿತ್ತುಕೊಂಡವರೇ ಹೊರಬೇಕು. ಮನೆಮನೆಗೂ 25 ರೂಪಾಯಿಯ ಧ್ವಜ ಇರಲಿ, ನಮ್ಮ ಅಡ್ಡಿಯಿಲ್ಲ. ಆದರೆ ಸರ್ಕಾರದ ಕಂಬದ ಮೇಲೆ ಹಾರುವುದು ಸರ್ಕಾರವೇ ಬರೆದ ಒಂದನೆಯ ಮಾನಕದ ಧ್ವಜವಾಗಿರಲಿ ಎಂದರೆ ಯಾರ ಗಂಟು ಹೋಗುತ್ತದೆ? ಕೆಲಸದಾಕೆಯ ಬಡತನವನ್ನು ಮುಂದೆ ಮಾಡಿ ಕಚೇರಿಯು ಉಳಿತಾಯ ಮಾಡುವುದು ನಮಗೆ ಸರಿಕಾಣದು.

ಈ ಮಾತು ಹೀಗೆ ತಲೆಯೊಳಗೇ ಇದ್ದುಬಿಡುತ್ತಿತ್ತೇನೋ. ಕಳೆದ ಚಳಿಗಾಲದಲ್ಲಿ ಹರಿದ ಧ್ವಜಗಳ ವಿಲೇವಾರಿ ನಮ್ಮ ಪಾಲಿಗೆ ಬಂತು. ಮಾಸಿದ, ಹರಿದ ಧ್ವಜವನ್ನು ಜನರ ಕಣ್ಣಿಗೆ ಬೀಳದಂತೆ, ಇಡಿಯಾಗಿ, ಸಾಧ್ಯವಿದ್ದರೆ ಸುಟ್ಟು, ಗೌರವದಿಂದ ನಾಶಪಡಿಸಬೇಕೆಂದು ಸಂಹಿತೆ ಹೇಳುತ್ತದೆ. ಕಪಾಟಿನಲ್ಲಿ ಎರಡು ಇದ್ದುವು. ಒಂದು ನಮ್ಮ ಕಚೇರಿಯ ಕೊನೆಯ ಖಾದಿ ಧ್ವಜ, ಇನ್ನೊಂದು ನಾವು ಗೆರೆ ಎಳೆದು ತರಿಸಿದ ಮೊದಲ ಪಾಲಿಯೆಸ್ಟರ್ ಧ್ವಜ. ಸಂಜೆ ಎಲ್ಲರೂ ಹೋದ ಮೇಲೆ, ಹಿತ್ತಿಲಿನ ಮೂಲೆಯಲ್ಲಿ, ಗಢವಾಲಿನವನಾದ ನಮ್ಮ ಹಳೆಯ ದಫ್ತರಿಯೂ ನಾವೂ ಕಬ್ಬಿಣದ ಬಾಣಲೆಯೊಂದನ್ನು ಇಟ್ಟುಕೊಂಡು ಚಪ್ಪಲಿ ಬಿಟ್ಟು ನಿಂತೆವು.

ಖಾದಿ ಬೇಗ ಹತ್ತಿಕೊಂಡಿತು. ಹತ್ತಿಯೆಂದರೆ ಸೆಲ್ಯುಲೋಸ್, ಕಾಗದದಂತೆ ಉರಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ವಿಭೂತಿಯಂಥ ಹಗುರ ಬೂದಿ ಉಳಿಯಿತು. ದಫ್ತರಿ ಅದನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿದ. ಎರಡನೆಯದು ಹಾಗೆ ಉರಿಯಲಿಲ್ಲ. ಮುದುಡಿತು, ಕಪ್ಪು ಹೊಗೆ ಬಿಟ್ಟಿತು, ಕರಗಿ ತೊಟ್ಟಿಕ್ಕಿತು. ಮೂರು ಬಣ್ಣವೂ ಒಂದಾಗಿ ಬಾಣಲೆಯ ತಳಕ್ಕೆ ಕರಿಯ ಗಟ್ಟಿಯಾಗಿ ಕೂತುಬಿಟ್ಟಿತು. ಅದು ಹಾಗೆಯೇ ಆಗುತ್ತದೆಂದು ರಸಾಯನಶಾಸ್ತ್ರ ಓದಿದ ನಮಗೆ ತಿಳಿಯದ್ದೇನಲ್ಲ. ಸುಡಬೇಕು ಎಂಬ ಮಾತನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಹತ್ತಿಯ ಬಟ್ಟೆ. "ಬಾಬೂಜೀ, ಯೇ ತೋ ಜಲಾ ನಹೀಂ, ಪಿಘಲ್ ಗಯಾ" ಎಂದ ದಫ್ತರಿ. ಆ ಗಟ್ಟಿಯನ್ನು ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಕೆರೆದು ತೆಗೆದು ಕಾಗದದಲ್ಲಿ ಕಟ್ಟಿ ನೆಲದಲ್ಲಿ ಹೂತೆವು. ಬಾಣಲೆ ಈಗಲೂ ಅಲ್ಲೇ ಬಿದ್ದಿದೆ.

ಈ ಸಲ ಧ್ವಜದ ಕಡತ ಬಂದಾಗ ದರಪಟ್ಟಿಯ ಕೆಳಗೆ ಗೆರೆ ಎಳೆಯಲಿಲ್ಲ. ಮಾನಕ ಸಂಸ್ಥೆಯ ಗುರುತಿರುವ ಖಾದಿ ಧ್ವಜವನ್ನೇ ಕೊಳ್ಳಬಹುದೆಂದು ಒಂದೂವರೆ ಪುಟದ ಟಿಪ್ಪಣಿ ಬರೆದು, ಖಾದಿಯ ಮೀಸಲಾತಿಯ ನಿಯಮವನ್ನು ಕಾಣಿಸಿದೆವು. ದರದ ವ್ಯತ್ಯಾಸವನ್ನು ಮುಚ್ಚಿಡಲಿಲ್ಲ, ಅಂಕಿಯಲ್ಲೇ ಬರೆದೆವು. ಲೆಕ್ಕಪರಿಶೋಧಕರು ಕೇಳಿದರೆ ಏನು ಉತ್ತರ ಎಂದು ಪಕ್ಕದ ಮೇಜಿನವರು ಎಚ್ಚರಿಸಿದರು. ಅವರ ಮಾತಿನಲ್ಲೂ ಅರ್ಥವಿದೆ. ನಮಗೆ ಇನ್ನೂ ಹದಿನೈದು ವರ್ಷ ಸರ್ವೀಸು ಬಾಕಿ ಇದೆ.

ಮೊನ್ನೆ ಕಡತ ಮೇಲಿನಿಂದ ಹಿಂದಿರುಗಿತು. ಒಪ್ಪಿಗೆಯೂ ಇಲ್ಲ, ತಿರಸ್ಕಾರವೂ ಇಲ್ಲ. ಅಂಚಿನಲ್ಲಿ ಹಸಿರು ಶಾಯಿಯಲ್ಲಿ "ಬಂದು ಮಾತನಾಡಿ" ಎಂದಿದೆ. ಸೋಮವಾರ ಹನ್ನೊಂದು ಗಂಟೆಗೆ ಸಾಹೇಬರು ಸಮಯ ಕೊಟ್ಟಿದ್ದಾರೆ.